ಕಾದಷ್ಟೂ ಕಾಯದ ಎಂಜಿನ್ನು

ಧನುರ್ಮಾಸದ ಬೆಳಗ್ಗೆ ಆರೂವರೆಗೆ ತೀರ್ಥಹಳ್ಳಿಯ ಬೀದಿಯೊಂದರ ಮನೆಯಲ್ಲಿ ಎರಡು ಒಲೆ ಹೊತ್ತುತ್ತವೆ. ಒಂದು ಬಚ್ಚಲ ಒಲೆ. ಇನ್ನೊಂದು, ಅಂಗಳದಲ್ಲಿ ಮಂಜು ಹೊದ್ದು ನಿಂತಿರುವ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು. ಹಂಡೆಯಡಿಗೆ ತೆಂಗಿನ ಮಟ್ಟೆ ತುರುಕಿ ಬಂದ ನಿವೃತ್ತ ಕನ್ನಡ ಮೇಷ್ಟ್ರು, ಮಸಿಗೈ ಒರೆಸಿಕೊಂಡು ಕಾರಿನ ಕೀ ತಿರುಗಿಸುತ್ತಾರೆ. ಕೋಡುಬಳೆ ಸುರುಳಿಯಂಥ ಹಳದಿ ದೀಪವೊಂದು ಹತ್ತುತ್ತದೆ. ಅದು ಆರುವವರೆಗೆ ಕೈಕಟ್ಟಿ ಕೂರುತ್ತಾರೆ. ಆಮೇಲೆ ಸ್ಟಾರ್ಟ್.

ಇಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನ ಹಾಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಹಿಂಡಿದರೆ ಅದು ತಾನಾಗಿಯೇ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆಗ ಡೀಸೆಲ್ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ತಣ್ಣಗಿನ ಕಬ್ಬಿಣ ಆ ಬಿಸಿಯನ್ನು ಹೀರಿಬಿಡುವುದರಿಂದ, ಗ್ಯಾರೇಜಿನವರು ಹೀಟರ್ ಪ್ಲಗ್ ಎನ್ನುವ ಪುಟ್ಟ ಕಡ್ಡಿ ಕೆಂಪಗೆ ಕಾದು ಆಸರೆ ಕೊಡುತ್ತದೆ. ಕೋಡುಬಳೆ ದೀಪ ಅದರದ್ದೇ.

ಎಡವಟ್ಟು ಶುರುವಾಗುವುದು ಆಮೇಲೆ. ಎಂಜಿನ್ನನ್ನು ಗಡಗಡ ಅನ್ನಿಸುತ್ತಾ ಬಿಟ್ಟು ಮೇಷ್ಟ್ರು ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ. ಪೇಪರ್ ಓದುತ್ತಾರೆ. ಹೊಗೆ ಪಕ್ಕದ ಮನೆಯ ತುಳಸಿಗೆ ಪ್ರದಕ್ಷಿಣೆ ಹಾಕಿ, ಬೀದಿಯ ಕೊನೆಯ ಹಾಲಿನ ಡೈರಿವರೆಗೂ ಹೋಗುತ್ತದೆ. ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಟೆಂಪರೇಚರ್ ಮುಳ್ಳು ತೂಕಡಿಸುವ ಬೆಕ್ಕಿನ ಹಾಗೆ ಇದ್ದಲ್ಲೇ ಇರುತ್ತದೆ.

“ಹಂಡೆ ನೀರು ಕಾದು ಎರಡು ಸ್ನಾನ ಆಯ್ತು. ನಿಮ್ಮ ಕಾರು ಇನ್ನೂ ಕಾದಿಲ್ವಾ?” ಎಂದು ಒಳಗಿನಿಂದ ಅವರ ಹೆಂಡತಿ ಕೇಳುತ್ತಾರೆ. “ಅದಕ್ಕೇ ನಾನು ಕಾಯ್ತಾ ಇರೋದು” ಎನ್ನುತ್ತಾರೆ ಮೇಷ್ಟ್ರು. ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಎಂದು ಮೂವತ್ತು ವರ್ಷ ಪಾಠ ಹೇಳಿದವರು ಅವರು. ಎರಡೂ ಒಟ್ಟಿಗೆ ಆಗುತ್ತವೆ ಎಂದು ವ್ಯಾಕರಣ ಎಲ್ಲಿಯೂ ಹೇಳಿಲ್ಲ.

ಮುಳ್ಳು ಏಳದಿರುವುದಕ್ಕೆ ಕಾರಣ ಡೀಸೆಲ್ಲಿನ ಜಿಪುಣತನ. ಐಡ್ಲಿಂಗಿನಲ್ಲಿ ನಿಂತ ಎಂಜಿನ್ ಒಂದೊಂದು ಹೊಡೆತಕ್ಕೂ ಹೊಟ್ಟೆ ತುಂಬ ಗಾಳಿ ಎಳೆದು, ಎಣ್ಣೆ ಮಾತ್ರ ತೊಟ್ಟಿನಷ್ಟೇ ಉರಿಸುತ್ತದೆ. ಹುಟ್ಟಿದ ಅಷ್ಟಿಷ್ಟು ಬಿಸಿ ಆ ಗಾಳಿಯ ಜೊತೆ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಹಂಡೆಯಡಿ ಒಂದೇ ಚಿಪ್ಪು ಹಚ್ಚಿಟ್ಟು ಬಚ್ಚಲ ಕಿಟಕಿ ಬಾಗಿಲು ತೆರೆದಿಟ್ಟರೆ ನೀರು ಯಾವಾಗ ಕಾದೀತು? ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತೋರಿಸಿದ ಎಂಜಿನ್ನು, ಇಂಧನದಲ್ಲಿರುವ ಶಕ್ತಿಯ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನೇ ಕೆಲಸಕ್ಕೆ ಹಚ್ಚಿತ್ತು. ಆ ಕಾಲದ ಸಾಮಾನ್ಯ ಉಗಿ ಯಂತ್ರಗಳಿಗೆ ಅದರ ಅರ್ಧವೂ ದಕ್ಕುತ್ತಿರಲಿಲ್ಲ. ದುಡಿಮೆಗೆ ಹೆಚ್ಚು ಹೋದ ಮೇಲೆ ಮೈ ಕಾಯಿಸಿಕೊಳ್ಳಲು ಉಳಿಯುವುದು ಕಡಿಮೆ. ಮೈಲೇಜ್ ಕೊಡುವ ಗುಣವೂ ಬೇಗ ಕಾಯದ ಗುಣವೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು.

ಮೈಲೇಜೇ ಮೇಷ್ಟ್ರ ದೊಡ್ಡ ಸಂಕಟ. ಹಳೆಯ ಹಾಜರಿ ಪುಸ್ತಕದಲ್ಲಿ ಕಾರಿಗೂ ಅಂಕ ಕೊಡುತ್ತಾರೆ. ಬಂಕಿನಲ್ಲಿ ಟ್ಯಾಂಕ್ ಫುಲ್, ಮುಂದಿನ ಸಲ ಮತ್ತೆ ಫುಲ್, ನಡುವೆ ಓಡಿದ ಕಿಲೋಮೀಟರಿಗೆ ಲೀಟರಿನ ಭಾಗಾಕಾರ. ಊರೊಳಗೆ ಓಡಿದ ತಿಂಗಳು ಬಂದದ್ದು 14. ಅವರ ಕಾರಾದ 2018ರ ಡೀಸೆಲ್ ಸ್ವಿಫ್ಟಿಗೆ ಜಾಹೀರಾತಿನಲ್ಲಿ ಬರೆದಿದ್ದ ಅಂಕ 28.4. “ಅದರ ಅರ್ಧವೂ ಇಲ್ಲ!” ಎಂದು ಕೆಂಪು ಪೆನ್ನಿನಲ್ಲಿ ಗೀಟು ಬಿದ್ದಿದೆ. ಆದರೆ ಅಂಥ ಅಂಕ ಬರುವುದು ಕೊಠಡಿಯೊಳಗೆ, ಉರುಳೆಗಳ ಮೇಲೆ 1180 ಸೆಕೆಂಡು ಓಡಿಸಿದ ಪರೀಕ್ಷೆಯಲ್ಲಿ. ಅಲ್ಲಿ ಎ.ಸಿ. ಇಲ್ಲ, ಹೊಂಡ ಇಲ್ಲ, ಅಡ್ಡ ಬರುವ ಎಮ್ಮೆ ಇಲ್ಲ. ಮನೆಯಲ್ಲೇ ಪುಸ್ತಕ ತೆರೆದಿಟ್ಟು ಬರೆದ ಟೆಸ್ಟಿನ ಅಂಕದ ಮೇಲೆ ಸಿಟ್ಟಾದರೆ ಹೇಗೆ, ಅದೂ ಮೇಷ್ಟ್ರಾದವರು?

ಕೊನೆಗೆ ಗ್ಯಾರೇಜಿನ ಹುಡುಗ ಅಂಗಳದ ಯಜ್ಞವನ್ನು ಕಣ್ಣಾರೆ ಕಂಡ. “ಸಾರ್, ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಡಿ, ಆಯಿಲ್ ಮೇಲೆ ಏರ್ಲಿ. ಆಮೇಲೆ ಹೊರಡಿ. ಮೊದಲ ನಾಲ್ಕೈದು ಕಿಲೋಮೀಟರು ಜಾಸ್ತಿ ರೇಸ್ ಕೊಡಬೇಡಿ, ಅಷ್ಟೇ.”

“ತಣ್ಣಗಿರೋ ಎಂಜಿನ್ ಓಡಿಸಿದ್ರೆ ಸವೆಯಲ್ವನಾ ಮಾರಾಯ?”

“ನಿಂತಲ್ಲೇ ಬಿಟ್ರೆ ತಣ್ಣಗೇ ಓಡೋ ಹೊತ್ತು ಉದ್ದ ಆಗ್ತದೆ ಸಾರ್.”

ಮೇಷ್ಟ್ರು ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರುಗಳು ಅರ್ಧ ಗಂಟೆ ಎಂಜಿನ್ ಕಾಯಿಸುತ್ತಿದ್ದುದನ್ನು ನೋಡಿದ್ದವರು ಅವರು. ಆ ಡ್ರೈವರುಗಳಿಗೆ ಏರ್ ಬ್ರೇಕಿನ ಟ್ಯಾಂಕಿನಲ್ಲಿ ಗಾಳಿ ತುಂಬುವವರೆಗೆ ಹೊರಡುವ ಹಾಗೇ ಇರಲಿಲ್ಲ; ಆಗಿನ ಎಂಜಿನ್ ಆಯಿಲೂ ಚಳಿಗೆ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತಿತ್ತು. ಅಂಗಳದ ಕಾರಿಗೆ ಏರ್ ಬ್ರೇಕೂ ಇಲ್ಲ, ಪಾಕವೂ ಇಲ್ಲ.

ಹುಡುಗ ಹೋದ ಮೇಲೆ ಲೆಕ್ಕ ಮಾತ್ರ ಮಾಡಿದರು. ಸುಮ್ಮನೆ ನಿಂತ ಸಣ್ಣ ಡೀಸೆಲ್ ಕಾರು ಗಂಟೆಗೆ ಸುಮಾರು ಅರ್ಧ ಲೀಟರು ಕುಡಿಯುತ್ತದೆ. ಕಾಲು ಗಂಟೆಗೆ 125 ಮಿಲಿ. ತಿಂಗಳಿಗೆ ಮೂರೂಮುಕ್ಕಾಲು ಲೀಟರು. ಅಂದರೆ ಆಗುಂಬೆಗೆ ಹೋಗಿ ಬರುವಷ್ಟು ಎಣ್ಣೆ ಅಂಗಳದಲ್ಲೇ ಸುಟ್ಟಿತ್ತು. ಹೀಗೆ ಕಾಯಿಸಿದ ಕಾರು ಹೋಗುತ್ತಿದ್ದುದಾದರೂ ಎಲ್ಲಿಗೆ? ಒಂದೂವರೆ ಕಿಲೋಮೀಟರು ದೂರದ ತರಕಾರಿ ಅಂಗಡಿಗೆ. ಅಲ್ಲಿ ಬಸಳೆ ಸೊಪ್ಪಿಗೆ ಚೌಕಾಸಿ ಮುಗಿಯುವಷ್ಟರಲ್ಲಿ ಎಂಜಿನ್ ಮತ್ತೆ ತಣ್ಣಗೆ. ಹದಿನಾಲ್ಕರ ಗುಟ್ಟು ಬಸಳೆಯ ಚೀಲದಲ್ಲಿತ್ತು.

ಎದುರು ಮನೆಯವರದು 2020ರ ನಂತರ ಬಂದ ಬಿಎಸ್ 6 ಡೀಸೆಲ್ ಗಾಡಿ. ಅದರ ಪಾಡು ಇನ್ನೊಂದು ಬಗೆ. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರು ಅದಕ್ಕಿದೆ; ಆ ಮಸಿ ಸುಡಲು 600 ಡಿಗ್ರಿಯ ಹತ್ತಿರದ ಬಿಸಿ ಬೇಕು. ಊರೊಳಗಿನ ಓಡಾಟಕ್ಕೆ ಅಷ್ಟು ಕಾಯುವುದಿಲ್ಲ. ಫಿಲ್ಟರಿನ ದೀಪ ಹತ್ತಿದಾಗಲೆಲ್ಲ ಅವರು ಶಿವಮೊಗ್ಗ ರಸ್ತೆಯಲ್ಲಿ ಒಂದು ಓಟ ಕೊಟ್ಟು, ಯಾವ ಕೆಲಸವೂ ಇಲ್ಲದೆ ವಾಪಸು ಬರುತ್ತಾರೆ. ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋದ ಹಾಗೆ.

ಮೇಷ್ಟ್ರು ಮಾತ್ರ ಅಂಗಳದಲ್ಲಿ ಕಳೆದದ್ದನ್ನು ಘಾಟಿಯಲ್ಲಿ ಗಳಿಸಲು ಹೊರಟರು. ಉಡುಪಿಗೆ ಮದುವೆಗೆ ಹೋಗುವಾಗ ಆಗುಂಬೆಯ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರು. ಮದುವೆಗೆ ಜೊತೆಯಾಗಿ ಬಂದು ಹಿಂದಿನ ಸೀಟಿನಲ್ಲಿದ್ದ ಗ್ಯಾರೇಜಿನ ಹುಡುಗ ಬೆಚ್ಚಿಬಿದ್ದ. “ಸಾರ್ ಸಾರ್, ಸೆಕೆಂಡಿಗೆ ಹಾಕಿ! ಬ್ರೇಕ್ ಕಾದು ಹೋಗ್ತದೆ!” ಆಮೇಲೆ ಉಸಿರು ಬಿಟ್ಟು ಬಿಡಿಸಿ ಹೇಳಿದ: ಈಗಿನ ಎಂಜಿನ್ನು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಣ್ಣೆಯನ್ನು ಪೂರ್ತಿ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಅದು ಆರದಿರಲು ಎಣ್ಣೆ ಕುಡಿಯುತ್ತಲೇ ಇರಬೇಕು.

ಸೆಕೆಂಡ್ ಗೇರಿಗೆ ಬಿದ್ದ ಕಾರು ಗೊರ್ ಎಂದು ತಿರುವು ಇಳಿಯಿತು. ಆ ಕ್ಷಣದ ಮೈಲೇಜ್ ತೋರಿಸುವ ಜಾಗದಲ್ಲಿ 99.9 ಮೂಡಿತು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಅಷ್ಟು ಅಂಕ ಕೊಡದಿದ್ದ ಮೇಷ್ಟ್ರು ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ, ಹಾಜರಿ ಪುಸ್ತಕ ತೆಗೆದು ಬರೆದುಕೊಂಡರು.

ಮರುದಿನ ಅದೇ ಘಾಟಿ ಹತ್ತಿ ಬರುವಾಗ ಡಿಸ್‌ಪ್ಲೇ ಮೇಲೆ ಹೆಗಲ ಟವೆಲ್ ಹೊದಿಸಿದ್ದರು. “ಅದ್ಯಾಕೆ ಮುಚ್ಚಿದ್ರಿ?” ಎಂದರು ಹೆಂಡತಿ.

“ಬಿಸಿಲು ಹೊಡೀತದೆ” ಎಂದರು ಮೇಷ್ಟ್ರು. ಹೊರಗೆ ಆಗುಂಬೆಯ ಮಂಜು ಹತ್ತಡಿ ಮುಂದೆ ಏನೂ ಕಾಣದಷ್ಟು ಕವಿದಿತ್ತು.