ಕುಲೆಗೂ ಕುಲ ಉಂಟು

2024ರಲ್ಲಿ ಪುತ್ತೂರಿನ ಒಂದು ಕುಟುಂಬ ಪತ್ರಿಕೆಯಲ್ಲಿ ವರಾನ್ವೇಷಣೆಯ ಜಾಹೀರಾತು ಕೊಟ್ಟಿತು. ವಧು ತೀರಿಹೋಗಿ ಸುಮಾರು 30 ವರ್ಷ. ವರನೂ ಅಷ್ಟೇ ಹಿಂದೆ ತೀರಿಕೊಂಡಿರಬೇಕು, ಜಾತಿ ಅದೇ ಇರಬೇಕು, ಬರಿ, ಅಂದರೆ ಗೋತ್ರ, ಮಾತ್ರ ಬೇರೆಯಾಗಿರಬೇಕು. ಕುಲೆಯಾದ, ಅಂದರೆ ಪ್ರೇತವಾದ, ಮಗಳಿಗೊಂದು ಮದುವೆ ಮಾಡಬೇಕೆಂಬ ಹೆತ್ತವರ ಆಸೆಯಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು ಜಾತಿಯ ಆಯುಷ್ಯ ಕಂಡು. ದೇಹ ಬೂದಿಯಾದರೂ ಅದು ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ.

ಸಾವಿನಲ್ಲೂ ಬಿಡದ ಇಂಥ ಲೆಕ್ಕಾಚಾರ ಸಿನಿಮಾದಲ್ಲೂ ಉಂಟು. ಹಾರರ್ ಸಿನಿಮಾಗಳಲ್ಲಿ ಕಪ್ಪು ಜನರೇ ಯಾಕೆ ಮೊದಲು ಸಾಯುತ್ತಾರೆಂದು ಅಮೆರಿಕದವರು ಜಗಳಾಡುತ್ತಾರೆ. 2017ರಲ್ಲಿ ಜೋರ್ಡನ್ ಪೀಲ್ ‘ಗೆಟ್ ಔಟ್’ ಮಾಡಿ ಆ ಜಗಳವನ್ನು ಆಸ್ಕರ್‌ವರೆಗೂ ಒಯ್ದರು. ಮಂಗಳೂರಿನಲ್ಲಿ ಅಂಥ ತಂಟೆಯೇ ಇಲ್ಲ ಮಾರಾಯ್ರೆ. ಇಲ್ಲಿ ಸತ್ತ ಮೇಲೆಯೇ ಪ್ರಾತಿನಿಧ್ಯ ಶುರು.

ಕರಾವಳಿಯವನೆಂದರೆ ಕನ್ನಡ ಸಿನಿಮಾದಲ್ಲಿ ಬಹುಕಾಲ ‘ಎಂತ ಸಾವು ಮಾರಾಯ’ ಎಂದು ನಗಿಸಿ ಹೋಗುವ ಹೋಟೆಲಿನವನು. 2015ರಲ್ಲಿ ‘ರಂಗಿತರಂಗ’ ಬಂತು, 2022ರಲ್ಲಿ ‘ಕಾಂತಾರ’, 2025ರಲ್ಲಿ ‘ಸು ಫ್ರಮ್ ಸೋ’. ಕೊನೆಗೂ ನಮಗೆ ಸೀಟು ಸಿಕ್ಕಿತು, ದೆವ್ವ-ದೈವಗಳ ಕೋಟಾದಲ್ಲಿ! ಎರಡೂ ಒಂದೇ ಅಲ್ಲವೆಂದು ಬೆಂಗಳೂರಿನವರಿಗೆ ತಿಳಿಹೇಳುವುದರಲ್ಲೇ ನಮ್ಮ ಅರ್ಧ ಆಯುಷ್ಯ ಕಳೆಯಿತು. ಉಳಿದರ್ಧ, ‘ಕಾಂತಾರ’ ನೋಡಿ ಥಿಯೇಟರಿನಲ್ಲಿ ದೈವದ ಹಾಗೆ ಕೂಗಬೇಡಿ ಎಂದು ಕೈಮುಗಿಯುವುದಕ್ಕೆ.

ವೈವಿಧ್ಯಕ್ಕೇನು ಕಡಿಮೆ? ದೈವಗಳ ಪಟ್ಟಿ ನೋಡಿ. ಬೊಬ್ಬರ್ಯನ ಕಥೆ ಹಾಡುವ ಪಾಡ್ದನದಲ್ಲಿ ಮುಸ್ಲಿಂ ವರ್ತಕನ ನಂಟು ಬರುತ್ತದೆ. ಕಲ್ಕುಡ ಶಿಲ್ಪಿ, ಕೆಲಸ ಮುಗಿದ ಮೇಲೆ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕೊರಗ ತನಿಯ ಗುಡಿಯ ಮಾದಳದ ಹಣ್ಣಿಗೆ ಕೈಚಾಚಿ ಮಾಯವಾದ. ಅನ್ಯಾಯವಾದದ್ದು ಬದುಕಿದ್ದಾಗ, ಕೈಮುಗಿದದ್ದು ಆಮೇಲೆ. ಇವತ್ತು ಕುತ್ತಾರಿನಲ್ಲಿ ಅದೇ ತನಿಯನಿಗೆ, ಅಂದರೆ ಕೊರಗಜ್ಜನಿಗೆ, ಚಕ್ಕುಲಿ, ಬೀಡಾ ಹಿಡಿದು ಸ್ಟಾರ್‌ಗಳೂ ನಿಲ್ಲುತ್ತಾರೆ. ಆದರೆ ಅದೇ ಅಜ್ಜನ ಕುಲದವರಾದ ಕೊರಗರನ್ನು ‘ಅಜಲು’ ಎಂಬ ಅವಮಾನಕರ ಪದ್ಧತಿಯಿಂದ ಬಿಡಿಸಲು 2000ದಲ್ಲಿ ಸರಕಾರ ಕಾಯಿದೆಯನ್ನೇ ತರಬೇಕಾಯಿತು. ಅಜ್ಜನಿಗೆ ಹರಕೆ, ಮೊಮ್ಮಕ್ಕಳಿಗೆ ಕಾಯಿದೆ!

ಸಿನಿಮಾವೂ ಇದೇ ಕಟ್ಟುಕಟ್ಟಳೆ ಪಾಲಿಸುತ್ತದೆ. ತಲೆಮಾರುಗಳಿಂದ ಅಣಿ ಕಟ್ಟಿ, ಕೆಂಡ ತುಳಿದು ದೈವವನ್ನು ಉಳಿಸಿಕೊಂಡು ಬಂದವರು ಪಂಬದರು, ನಲಿಕೆಯವರು, ಪರವರು. ದೈವ ಪರದೆಗೇರಿದಾಗ ನಾಯಕನ ಪಾತ್ರಕ್ಕೆ ಅವರಲ್ಲೊಬ್ಬರನ್ನು ಹುಡುಕಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅವರ ಹೆಸರು ಬರುವುದು ಕೃತಜ್ಞತೆಯ ಸಾಲಿನಲ್ಲಿ, ಪ್ರೇಕ್ಷಕರು ಪಾರ್ಕಿಂಗಿಗೆ ಓಡುವ ಹೊತ್ತಿಗೆ.

ಹೆಂಗಸರ ಪಾಡು? ಉಳ್ಳಾಲದ ಆಚೆಗಿನ ಸೋಮೇಶ್ವರದ ಸುಲೋಚನಾ ‘ಸು ಫ್ರಮ್ ಸೋ’ದ ಹೆಸರಿನಲ್ಲೇ ಇದ್ದಾಳೆ. ಊರಿಡೀ ಅವಳಿಗೆ ಹೆದರುತ್ತದೆ, ಅವಳ ಮಾತಿಗೆ ಕಿವಿಗೊಡುತ್ತದೆ. ಒಂದೇ ತೊಡಕು: ಅವಳು ಸತ್ತಿದ್ದಾಳೆ, ಮಾತೆಲ್ಲ ಅವಳು ಮೈಮೇಲೆ ಬಂದಳೆಂದು ಊರು ನಂಬಿದ ಅಶೋಕನ ಬಾಯಲ್ಲಿ. ಹೆಣ್ಣಿನ ಮಾತಿಗೆ ಬೆಲೆ ಬರಲು ಅವಳು ಸಾಯಬೇಕು, ಗಂಡಸಿನ ಮೈಮೇಲೂ ಬರಬೇಕು ಎಂಬುದನ್ನು ನಿರ್ದೇಶಕ ಜೆ.ಪಿ. ತುಮಿನಾಡು ನಮ್ಮನ್ನು ನಗಿಸುತ್ತಲೇ ಹೇಳಿಬಿಟ್ಟರು. ನಾವು ನಕ್ಕೆವು, ಚಿತ್ರ ನೂರು ಕೋಟಿ ದಾಟಿತು, ವಿಷಯ ಅಲ್ಲಿಗೇ ಮುಗಿಯಿತು.

ಆದ್ದರಿಂದ ಪ್ರಾತಿನಿಧ್ಯ ಬೇಕೆಂದು ಸ್ಟುಡಿಯೋ ಬಾಗಿಲು ತಟ್ಟುವವರಿಗೊಂದು ಕಿವಿಮಾತು. ಪ್ರತಿಭೆ, ಫೋಟೋ, ರೀಲ್ಸ್ ಯಾವುದೂ ಬೇಡ. ಮರಣ ಪ್ರಮಾಣಪತ್ರದ ಜೆರಾಕ್ಸ್ ಒಂದು ತನ್ನಿ, ಪಾತ್ರ ಗ್ಯಾರಂಟಿ.