ಮುಹೂರ್ತ ನೋಡಿ ಮುಚ್ಚಳ ತೆಗೆಯುವವರು

ಹಳೆಯ ಫ್ರೆಂಚ್ ಕೆಂಪು ವೈನಿನ ರಸಿಕರನ್ನು ಕುಡುಕರ ಪಟ್ಟಿಗೆ ಸೇರಿಸಿದರೆ ಇಬ್ಬರಿಗೂ ಅವಮಾನ. ಕುಡುಕ ಬಾಟಲಿ ಕಂಡರೆ ತೆಗೆಯುತ್ತಾನೆ. ರಸಿಕ ಬಾಟಲಿ ಕಂಡರೆ ಇಸವಿ ಓದುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಮತ್ತೆ ಅದನ್ನು ಕತ್ತಲೆಯಲ್ಲಿ ಅಡ್ಡ ಮಲಗಿಸಿ ಬರುತ್ತಾನೆ. "ಇನ್ನೂ ಹೊತ್ತು ಬಂದಿಲ್ಲ."

ಈ ಪಂಗಡದಲ್ಲಿ ನಾನು ಹತ್ತಿರದಿಂದ ಬಲ್ಲವರು ನಮ್ಮ ಭಾವ. ವಿಮಾನದ ರೆಕ್ಕೆಯ ಲೆಕ್ಕ ಹಾಕುವ ಕೆಲಸದ ಮೇಲೆ ಬೆಂಗಳೂರಿನಿಂದ ಫ್ರಾನ್ಸಿನ ತುಲೂಸಿಗೆ ಹೋದವರು ಅಲ್ಲೇ ನೆಲೆ ನಿಂತರು. ಅಲ್ಲಿಂದ ಕೆಂಪು ವೈನಿನ ಸೀಮೆ ಬೋರ್ಡೋಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. "ನಾಲ್ಕು ಗಂಟೆ ದೂರ ಇದ್ದಿದ್ದರೆ ಈ ಮನುಷ್ಯ ನೆಟ್ಟಗಿರ್ತಿದ್ದರು" ಎನ್ನುತ್ತಾಳೆ ಅಕ್ಕ.

ಅವರ ತಂದೆ ಒಂಟಿಕೊಪ್ಪಲ್ ಪಂಚಾಂಗ ಬಿಡಿಸುತ್ತಿದ್ದ ಹಾಗೆಯೇ ಭಾವ ವಿಂಟೇಜ್ ಚಾರ್ಟ್ ಬಿಡಿಸುತ್ತಾರೆ. ಯಾವ ವರ್ಷದ ದ್ರಾಕ್ಷಿ, ಎಷ್ಟು ಬಿಸಿಲು, ಎಷ್ಟು ಮಳೆ, ಎಂದಿನಿಂದ ಎಂದಿನವರೆಗೆ ಕುಡಿಯಲು ಯೋಗ್ಯ, ಎಲ್ಲವೂ ಅದರಲ್ಲಿದೆ. 1945, 1961, 1982, 1990, 2000, 2005 ಇವು ಶುಭ ವರ್ಷಗಳು. ಲೋಕದ ಇತಿಹಾಸವನ್ನೆಲ್ಲ ಅವರು ಈ ಕಿಟಕಿಯಿಂದಲೇ ನೋಡುವುದು. 1983 ಎಂದರೆ ನಮಗೆ ನಿಮಗೆ ಕಪಿಲ್ ದೇವ್. ಭಾವನಿಗೆ ಅದು '82ರ ನೆರಳಿನಲ್ಲಿ ಬಿದ್ದ ನತದೃಷ್ಟ ವರ್ಷ.

ಮಗಳು ಹುಟ್ಟಿದ್ದು 2005ರಲ್ಲಿ. ಆ ವರ್ಷದ ಒಳ್ಳೆಯ ಬಾಟಲಿಯೊಂದನ್ನು ಅವಳ ಹೆಸರಿನಲ್ಲಿ ತೆಗೆದಿಟ್ಟರು. ಮಗ ಹುಟ್ಟಿದ್ದು 2013ರಲ್ಲಿ. ಬೋರ್ಡೋದಲ್ಲಿ ಆ ವರ್ಷ ವಸಂತವೆಲ್ಲ ಚಳಿ, ಮಳೆ. ಹೂವು ಸರಿಯಾಗಿ ಕಾಯಿ ಕಟ್ಟಲಿಲ್ಲ. ಕೊಯ್ಲಿನ ಹೊತ್ತಿಗೆ ಗೊಂಚಲಿಗೆ ಕೊಳೆರೋಗ. ತಂದೆಯ ಕರ್ತವ್ಯವೆಂದು ಅದನ್ನೂ ಒಂದು ಬಾಟಲಿ ಕೊಂಡರು, ಮುಖ ಸಪ್ಪೆ ಮಾಡಿಕೊಂಡೇ. "ಒಂದೆರಡು ವರ್ಷ ತಡೆದಿದ್ದರೆ 2015 ಸಿಗ್ತಿತ್ತಂತೆ ಕಣೋ, ನನಗೇ ಹೇಳ್ತಾರೆ!" ಎಂದು ಅಕ್ಕ ಇವತ್ತಿಗೂ ಸಿಡುಕುತ್ತಾಳೆ.

ಇನ್ನು 1855. ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕಾಗಿ ಮೂರನೆಯ ನೆಪೋಲಿಯನ್ ಕೇಳಿದನೆಂದು ಬೋರ್ಡೋದ ದಲ್ಲಾಳಿಗಳು ಅಲ್ಲಿನ ಕೆಂಪು ವೈನುಗಳನ್ನು ಬೆಲೆ ನೋಡಿ ಐದು ದರ್ಜೆಗಳಲ್ಲಿ ಕೂರಿಸಿದರು. ಲಫೀತ್, ಲತೂರ್, ಮಾರ್ಗೋ, ಓ-ಬ್ರಿಯೋಂ ಮೊದಲ ದರ್ಜೆ. ಅಂದಿನಿಂದ ಇಂದಿನವರೆಗೆ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಒಂದೇ ಒಂದು, ಮುತೋಂ ರೋಶೀಲ್ಡ್, ಅದೂ 1973ರಲ್ಲಿ. ಆಫೀಸಿನಲ್ಲಿ ತಮಗೆ ಬಡ್ತಿ ತಪ್ಪಿದಾಗಲೆಲ್ಲ ಭಾವ ಈ ಕಥೆ ಹೇಳುತ್ತಾರೆ. "ಮುತೋಂ 118 ವರ್ಷ ಕಾಯ್ತು."

ಬಾಟಲಿ ತೆಗೆಯುವ ಭಾಗ್ಯ ಬಂತೆನ್ನಿ. ಎರಡು ದಿನ ಮೊದಲೇ ಅದನ್ನು ನೆಟ್ಟಗೆ ನಿಲ್ಲಿಸಬೇಕು, ಗಸಿ ತಳಕ್ಕಿಳಿಯಲಿ ಎಂದು. ಆ ಎರಡು ದಿನ ಮನೆಯಲ್ಲಿ ಯಾರೂ ಬಾಗಿಲು ದಡಾರೆಂದು ಹಾಕುವ ಹಾಗಿಲ್ಲ. ಹಳೆಯ ಕಾರ್ಕ್ ಪುಡಿಯಾಗುವ ವಸ್ತು. ಅದನ್ನು ಎರಡು ತೆಳು ತಗಡುಗಳ ನಡುವೆ ಹಿಡಿದು ಮೆಲ್ಲಗೆ ತಿರುಗಿಸುತ್ತಾ ಮೇಲೆಳೆಯಬೇಕು. ಆಮೇಲೆ ಬಾಟಲಿಯ ಕತ್ತಿನ ಕೆಳಗೆ ಮೇಣದ ಬತ್ತಿ ಹಚ್ಚಿಟ್ಟು ಗಾಜಿನ ಹೂಜಿಗೆ ಬಗ್ಗಿಸುವುದು. ಬೆಳಕಿನಲ್ಲಿ ಗಸಿಯ ಎಳೆ ಕಂಡ ಕ್ಷಣ ನಿಲ್ಲಿಸುವುದು. ಈ ಹೊತ್ತಿನಲ್ಲಿ ಭಾವನನ್ನು ಮಾತಾಡಿಸಿದ ಅತಿಥಿಗೆ ಎರಡನೆಯ ಆಮಂತ್ರಣ ಇರುವುದಿಲ್ಲ.

ಈಗಲಾದರೂ ಕುಡಿಯಬಹುದೇ? ಇಲ್ಲ. ಬಿಳಿ ಬಟ್ಟೆಯ ಮೇಲೆ ಗ್ಲಾಸ್ ವಾಲಿಸಿ ಅಂಚಿನ ಬಣ್ಣ ನೋಡಬೇಕು. ಎಳೆಯ ವೈನಿನ ನೇರಳೆ ಹೋಗಿ ಇಟ್ಟಿಗೆಯ ಬಣ್ಣ ಬಂದಿರಬೇಕು. ಇಲ್ಲಿ ಮಾತ್ರ ಭಾವನ ಮಾತನ್ನು ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಬಂದ ಒಗರು ವರ್ಷಗಟ್ಟಲೆ ಬಣ್ಣದ ಜೊತೆ ಬೆಸೆದುಕೊಳ್ಳುತ್ತಾ ದಪ್ಪಗಾಗಿ ತಳಕ್ಕಿಳಿಯುತ್ತದಂತೆ. ಅದಕ್ಕೇ ಬಣ್ಣ ತೆಳುವಾಗುತ್ತದೆ, ನಾಲಿಗೆಗೆ ನಯವಾಗುತ್ತದೆ, ಹಣ್ಣಿನ ವಾಸನೆ ಹಿಂದೆ ಸರಿದು ಬೇರೆ ವಾಸನೆಗಳು ಮುಂದೆ ಬರುತ್ತವೆ. ಸೀಡರ್ ಮರ, ತಂಬಾಕು, ತೊಗಲು, ಅಣಬೆ, ಆಗತಾನೆ ಚೂಪು ಮಾಡಿದ ಪೆನ್ಸಿಲ್, ಒದ್ದೆ ತರಗೆಲೆ. ದ್ರಾಕ್ಷಿ ಎಂದು ಮಾತ್ರ ಯಾರೂ ಹೇಳಕೂಡದು. ನಾನು ಒಮ್ಮೆ ಹೇಳಿ ಮೇಜಿನ ತುದಿಗೆ ಹೋಗಿ ಕೂತಿದ್ದೇನೆ.

ಕೊನೆಗೆ ಒಂದು ಗುಟುಕು ಬಾಯಿಗೆ ಹೋಯಿತು. ಹೋದದ್ದು ಗಾಳಿಯ ಜೊತೆ, ಸೊರ್ ಎಂದು. ಮಗ ಇದೇ ಸದ್ದನ್ನು ಸಾರು ಕುಡಿಯುವಾಗ ಮಾಡಿದರೆ ಬೈಗುಳ. ಬೋರ್ಡೋದ ಶಾತೋ, ಅಂದರೆ ವೈನ್ ತೋಟದ ಮನೆ, ಒಂದಕ್ಕೆ ನಮ್ಮ ಅಪ್ಪನನ್ನು ಕರೆದೊಯ್ದಾಗ ಇನ್ನೂ ಮಜಾ ಆಯಿತು. ಸಾಲಾಗಿ ನಿಂತವರೆಲ್ಲ ಬಾಯಿ ಮುಕ್ಕಳಿಸಿ ಬಕೆಟ್ಟಿಗೆ ಉಗಿಯುತ್ತಿದ್ದಾರೆ. ಅಪ್ಪ ಗಾಬರಿಯಾಗಿ, "ಅಳಿಯಂದಿರೇ, ದುಡ್ಡು ಕೊಟ್ಟು ತಗೊಂಡದ್ದನ್ನ ಉಗೀತಾರಾ?" ಎಂದರು. "ಮಾವ, ರುಚಿ ನೋಡೋದು ಬೇರೆ, ಕುಡಿಯೋದು ಬೇರೆ." ಅಪ್ಪನಿಗೆ ಪರಮ ಸಮಾಧಾನ. ಮೈಸೂರಿಗೆ ಬಂದು ಬೀದಿಗೆಲ್ಲ ಸಾರಿದರು: ನಮ್ಮ ಅಳಿಯ ಕುಡಿಯೋದಿಲ್ಲ.

ಭಾವನನ್ನು ಕೆಣಕಲು ಬೇಕಾದ ಸಾಮಗ್ರಿ ನಾನೂ ಕೂಡಿಟ್ಟಿದ್ದೇನೆ. ಬೋರ್ಡೋ ವಿಶ್ವವಿದ್ಯಾಲಯದಲ್ಲೇ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು, ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು; 2001ರಲ್ಲಿ ಪ್ರಕಟವಾದ ಸಂಗತಿ. "ವಿದ್ಯಾರ್ಥಿಗಳು ಪಾಪ, ಎಳೆಯರು" ಎಂದರು ಭಾವ. ಸರಿ, 1976ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ತೀರ್ಪುಗಾರರೇ ಲೇಬಲ್ ಕಾಣದೆ ರುಚಿ ನೋಡಿ ಕ್ಯಾಲಿಫೋರ್ನಿಯಾದ ಕೆಂಪು ವೈನಿಗೆ ಮೊದಲ ಸ್ಥಾನ ಕೊಟ್ಟರಲ್ಲ? "ಬೋರ್ಡೋ ಆಗ ಇನ್ನೂ ಹದಕ್ಕೆ ಬಂದಿರಲಿಲ್ಲ. ಕಾಯಬೇಕಿತ್ತು." ಕಾದರಲ್ಲ, ಭಾವ. ಮೂವತ್ತು ವರ್ಷ ಕಾದು 2006ರಲ್ಲಿ ಅವೇ ವೈನುಗಳನ್ನು ಮತ್ತೆ ಇಟ್ಟರು. ಮೊದಲ ಐದೂ ಕ್ಯಾಲಿಫೋರ್ನಿಯಾಕ್ಕೇ ಹೋದವು. ಭಾವ ಗ್ಲಾಸನ್ನು ಒಂದು ಸುತ್ತು ತಿರುಗಿಸಿ, "ಸ್ವಲ್ಪ ಅವಸರ ಮಾಡಿದರು" ಎಂದರು.

ಬೆಂಗಳೂರಿಗೆ ಬಂದಾಗ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನ್ ಕೊಟ್ಟೆ. ಮೂಗು ಮುರಿದರು. ಇದಕ್ಕೆ ಸಲಹೆಗಾರರಾಗಿದ್ದವರು ಬೋರ್ಡೋ ಸೀಮೆಯ ಪೊಮೆರೋಲಿನ ಮಿಶೆಲ್ ರೋಲಾನ್ ಎಂದೆ. ಮುರಿದ ಮೂಗು ಗ್ಲಾಸಿನೊಳಗೆ ಇಳಿಯಿತು. "ಹೂಂ... ಬೆನ್ನುಮೂಳೆ ಇದೆ!"

ಅಕ್ಕನಿಗೆ ಇಡೀ ಶಾಸ್ತ್ರದಲ್ಲಿ ಹಿಡಿಸಿದ ಕಥೆ ಒಂದೇ. ಥಾಮಸ್ ಜೆಫರ್ಸನ್‌ನದೆಂದು ಹೇಳಲಾದ 1787ರ ಮಾರ್ಗೋ ಬಾಟಲಿಯೊಂದನ್ನು 1989ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬರು ಔತಣಕೂಟಕ್ಕೆ ಹೊತ್ತೊಯ್ದು, ಅಲ್ಲಿ ಅದು ಒಡೆದುಹೋಗಿ, ವಿಮೆಯಿಂದ 2,25,000 ಡಾಲರ್ ಬಂತು. "ನೋಡ್ರೀ, ಕುಡಿದಿದ್ದರೆ ಅವರಿಗೆ ಏನು ಬರ್ತಿತ್ತು?"

ಮಗಳ ಬಾಟಲಿಗೂ ಅಂತೂ ಗಳಿಗೆ ಕೂಡಿಬಂತು. ಹದಿನೆಂಟಕ್ಕೆ ತೆಗೆಯಬೇಕಿತ್ತು, ಚಾರ್ಟ್ ಒಪ್ಪಲಿಲ್ಲ. ಇಪ್ಪತ್ತು ತುಂಬಿದಾಗ ಒಪ್ಪಿತು. ನಿಲ್ಲಿಸಿದ್ದು, ಕಾರ್ಕ್, ಬತ್ತಿ, ಎಲ್ಲ ಸಾಂಗವಾಗಿ ನಡೆದವು. ಮೂಸಿದ ಭಾವನ ಮುಖ ಅರಳಿತು. "ಕಾರ್ಕ್ ರೋಗ! ಟಿಸಿಎ! ಒದ್ದೆ ರಟ್ಟಿನ ವಾಸನೆ, ನೋಡಿ, ನೋಡಿ!" ಎಂದು ಎಲ್ಲರ ಮೂಗಿಗೂ ಹಿಡಿದರು. ಇಷ್ಟು ಖುಷಿಯಾಗಿ ಅವರನ್ನು ನಾನು ಒಳ್ಳೆಯ ಬಾಟಲಿ ತೆಗೆದಾಗಲೂ ಕಂಡಿಲ್ಲ.

"ಅಂದರೆ ಆ ಕಾರ್ಕ್ ಹಾಕಿದಾಗಲೇ ರೋಗ ಇತ್ತಾ ಅಪ್ಪಾ?" ಎಂದಳು ಮಗಳು.

"ಹೌದು ಪುಟ್ಟಿ."

"ನಾವು ಕಾದದ್ದು?"

ಭಾವ ಇನ್ನೊಂದು ಸಲ ಮೂಸಿದರು. ಆಗ ಮಗ ಎದ್ದು ನಿಂತು, "ನನ್ನ 2013 ಯಾವಾಗ ಅಪ್ಪಾ?" ಎಂದ.

"ಅದು ಕಾಯೋ ವೈನಲ್ಲ ಮಗಾ, ಬಡ ವರ್ಷದ್ದು. ಇಟ್ಟಷ್ಟೂ ಕೆಡುತ್ತೆ. ಈಗಲೇ ಕುಡಿದುಬಿಡಬೇಕು."

ಹನ್ನೆರಡು ವರ್ಷದ ಹುಡುಗ ಗ್ಲಾಸ್ ಮುಂದೆ ಚಾಚಿದ. ಅಕ್ಕ ಕಿತ್ತುಕೊಂಡಳು.