ನಾಳೆ ನನಗೇನಾದ್ರೂ ಆದ್ರೆ

ನಮ್ಮ ಅಪಾರ್ಟ್‌ಮೆಂಟಿನ ರಾಯರ ಯಾವ ಮಾತೂ ‘ನಾಳೆ ನನಗೇನಾದ್ರೂ ಆದ್ರೆ’ ಎನ್ನುವ ಪೀಠಿಕೆಯಿಲ್ಲದೆ ಶುರುವಾಗುವುದಿಲ್ಲ. ಕೆಂಗೇರಿಯಾಚೆ ಫ್ಲ್ಯಾಟ್ ಕೊಂಡಾಗಿನಿಂದ ಹತ್ತಿದ ಚಾಳಿ. ಬಾಡಿಗೆ ಮನೆಯಲ್ಲಿದ್ದಷ್ಟು ಕಾಲ ಅವರಿಗೆ ಸಾವಿನ ಯೋಚನೆಯೇ ಇರಲಿಲ್ಲ, ಅದಕ್ಕೆ ಪುರುಸೊತ್ತೂ ಇರಲಿಲ್ಲ. ಈಗ 50 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ. ತಿಂಗಳಿಗೆ 43,391 ರೂಪಾಯಿ ಕಂತು. ಮೊದಲ ಕಂತಿನಲ್ಲಿ 35 ಸಾವಿರ ಚಿಲ್ಲರೆ ಬಡ್ಡಿಗೇ ಹೋಗಿ, ಅಸಲಿಗೆ ಎಂಟು ಸಾವಿರವೂ ಜಮೆಯಾಗಿಲ್ಲ ಎಂದು ತಿಳಿದ ರಾತ್ರಿ ರಾಯರು ಎದೆ ಹಿಡಿದುಕೊಂಡು ಎದ್ದು ಕೂತರಂತೆ. ಬರೀ ಗ್ಯಾಸು ಎಂದು ಡಾಕ್ಟರು ಹೇಳುವಷ್ಟರಲ್ಲಿ ಇವರು ವಿಮಾಪಂಡಿತರಾಗಿಬಿಟ್ಟಿದ್ದರು.

ಸಾಲ ಮಾಡಿದ ಬಡಪಾಯಿ ಯಾರಾದರೂ ಲಿಫ್ಟಿನಲ್ಲಿ ಸಿಕ್ಕರೆ ಮುಗಿಯಿತು. “ಬ್ಯಾಂಕಿನವರು ತಗುಲಿಸಿದ ಪಾಲಿಸಿ ತಗೊಂಡ್ರಾ? ಅದೇನೂ ಕಡ್ಡಾಯ ಅಲ್ಲ ಕಣ್ರೀ! ಪ್ರೀಮಿಯಮ್ಮನ್ನೂ ಸಾಲಕ್ಕೇ ಸೇರಿಸ್ತಾರೆ, ಅಂದ್ರೆ ಸಾಯೋ ಖರ್ಚಿಗೂ ಬಡ್ಡಿ! ಸಾಲ ಕರಗಿದ ಹಾಗೆ ಕವರ್ರೂ ಕರಗತ್ತೆ. ಬೇರೆ ಟರ್ಮ್ ಪಾಲಿಸಿ ಮಾಡ್ಸಿ, ದುಡ್ಡು ಮನೆಯವರ ಕೈಗೆ ಬರತ್ತೆ. ಅರ್ಜಿ ಹಾಕುವಾಗ್ಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಅಂತ ಟಿಕ್ ಮಾಡಿ. ಆಮೇಲೆ ಸಾಲ ಕೊಟ್ಟ ಯಾರೂ ಆ ದುಡ್ಡು ಮುಟ್ಟೋ ಹಾಗಿಲ್ಲ.” ಹೇಳುವುದೆಲ್ಲ ಸರಿಯೇ, ಆದರೆ ಏಳನೇ ಮಹಡಿ ಬಂದರೂ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ಹೇಳುತ್ತಾರೆ.

ಸ್ವಂತ ಅರ್ಜಿಯಲ್ಲಿ ಅವರು ಸತ್ಯಹರಿಶ್ಚಂದ್ರ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮು ತಳ್ಳಿಹಾಕಿಬಿಡುತ್ತಾರೆಂದು ಕಾಲೇಜಿನಲ್ಲಿ ಸೇದಿದ ಎರಡು ಸಿಗರೇಟನ್ನೂ ಬರೆದಿದ್ದರು. ಅದನ್ನು ಕಂಪನಿ ಕ್ಷಮಿಸಿತೋ ಏನೋ, ಶುಗರನ್ನು ಕ್ಷಮಿಸಲಿಲ್ಲ. ಪ್ರೀಮಿಯಂ ಏರಿಸಿಯೇ ಪಾಲಿಸಿ ಕೊಟ್ಟರು.

ಮನೆಯಲ್ಲಿ ಒಂದು ಕೆಂಪು ಫೈಲಿದೆ. ಮೇಲೆ ದಪ್ಪಕ್ಷರದಲ್ಲಿ ‘ನನ್ನ ನಂತರ’. ಒಳಗೆ ಪಾಲಿಸಿ, ಸಾಲದ ಕರಾರಿನ ನಕಲು, ಬ್ಯಾಂಕಿನಲ್ಲಿರುವ ಮೂಲ ಪತ್ರಗಳ ಪಟ್ಟಿ, ಕಳ್ಳರಿಗೆ ಅರ್ಥವಾಗದಿರಲೆಂದು ಕನ್ನಡದಲ್ಲಿ ಬರೆದ ಪಾಸ್‌ವರ್ಡುಗಳು. ಕ್ಲೇಮಿನ ಅರ್ಜಿಯನ್ನೂ ತಾವೇ ಬರೆದಿಟ್ಟಿದ್ದಾರೆ, ತಾರೀಖು ಮಾತ್ರ ಖಾಲಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಪತ್ರಗಳನ್ನು ಮರಳಿಸಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶವೂ ಅದರಲ್ಲಿದೆ. ಸಾಲ ತೀರುವುದಕ್ಕಿಂತ ಬ್ಯಾಂಕು ಒಂದು ಹತ್ತು ದಿನ ತಡಮಾಡಲಿ ಎಂಬುದೇ ಅವರ ದೊಡ್ಡ ಆಸೆಯಿರಬೇಕು.

ಭಾನುವಾರ ಉಪ್ಪಿಟ್ಟಿನ ನಂತರ ಪರೀಕ್ಷೆ. “ನಾಳೆ ನನಗೇನಾದ್ರೂ ಆದ್ರೆ ಮೊದಲು ಯಾರಿಗೆ ಫೋನ್ ಮಾಡ್ತೀಯ?” ಪಿಯುಸಿ ಓದುವ ಮಗ ಬಾಯಿಪಾಠ ಒಪ್ಪಿಸುತ್ತಾನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವನ ತಾಯಿ ಅಡುಗೆಮನೆಯಿಂದಲೇ, “ರೀ, ಏನಾಗೋದಿದ್ರೂ ಹಾಲು ತಂದಿಟ್ಟ ಮೇಲೆ ಆಗ್ಲಿ” ಅನ್ನುತ್ತಾರೆ.

ಹೋದ ತಿಂಗಳು ಆಕೆಯೇ ಒಂದು ಪ್ರಶ್ನೆ ಕೇಳಿದರು. “ಅಲ್ಲಾ, ನಾಳೆ ನನಗೇನಾದ್ರೂ ಆದ್ರೆ?”

“ಥೂ, ಬಿಡ್ತು ಅನ್ನೇ! ಬೆಳಬೆಳಗ್ಗೆ ಎಂಥ ಮಾತು!”

ಅವರು ಬಿಡ್ತು ಅನ್ನಲಿಲ್ಲ. “ನನ್ನ ಸಂಬಳಾನೂ ಲೆಕ್ಕಕ್ಕೆ ಹಿಡಿದೇ ಬ್ಯಾಂಕು ಇಷ್ಟು ಸಾಲ ಕೊಟ್ಟಿದ್ದು. ಕಂತಿಗೆ ಇಪ್ಪತ್ತು ಸಾವಿರ ನಾನೇ ಹಾಕ್ತೀನಿ. ಅದನ್ನ ಎಲ್ಲಿಂದ ತರ್ತೀರಿ?”

ರಾಯರು ಕೆಂಪು ಫೈಲನ್ನು ಹಿಂದಕ್ಕೂ ಮುಂದಕ್ಕೂ ಮಗುಚಿ ನೋಡಿದರು. ಅದಕ್ಕೊಂದು ಹಾಳೆ ಇರಲಿಲ್ಲ.

ಮಾರನೆಯ ವಾರವೇ ಆಕೆಗೂ ಅರ್ಜಿ ಹಾಕಿದ್ದಾಯಿತು, ರಕ್ತ ಪರೀಕ್ಷೆಯೂ ಆಯಿತು. ಪಾಲಿಸಿ ಬಂದಾಗ ಪ್ರೀಮಿಯಂ ನೋಡಿದರೆ ರಾಯರದ್ದರ ಅರ್ಧವೂ ಇಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇಷ್ಟು ಕಮ್ಮಿನಾ? ಕಂಪನಿಯವರು ನಿನ್ನ ವಿಚಾರದಲ್ಲಿ ಸರಿಯಾಗಿ ತನಿಖೆ ಮಾಡಿಲ್ಲ ಕಣೇ.”